ಡಿಪೋ ತಿರುವಿನ ಹೊಳಪು

ಅಪ್ಪನಿಗೆ ಉಳಿದಿದ್ದುದು ಒಂದೇ ಕಣ್ಣು. ಮನೆಯ ನಾವು ಮೂವರು ಮತ್ತು ಕಣ್ಣಿನ ಡಾಕ್ಟರಮ್ಮ, ಇಷ್ಟು ಜನಕ್ಕೆ ಬಿಟ್ಟರೆ ಅದು ಇನ್ನಾರಿಗೂ ಗೊತ್ತಿರಲಿಲ್ಲ. ಬೇಕರಿ ಯಜಮಾನರಿಗಂತೂ ಗೊತ್ತಾಗಲೇಬಾರದಿತ್ತು.

ಬೇಕರಿಯ ಬ್ರೆಡ್ಡನ್ನು ಸೈಕಲ್ ಮೇಲೆ ಅಂಗಡಿ ಅಂಗಡಿಗೆ ಹಾಕಿ ಬರುವುದು ಅಪ್ಪನ ಕೆಲಸ. ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ, ಅದರ ಮೇಲೆ ಇನ್ನೊಂದು ಪೆಟ್ಟಿಗೆ, ಹ್ಯಾಂಡಲ್ಲಿನ ಎರಡು ಕಡೆಗೂ ಬನ್ನಿನ ಚೀಲ. ಬೆಳಿಗ್ಗೆ ಪೂರ್ವದ ಬಡಾವಣೆಗಳ ಸುತ್ತು, ಸಂಜೆ ಪಶ್ಚಿಮದ ಅಂಗಡಿಗಳ ಸುತ್ತು. ಬೆಳಿಗ್ಗೆ ಹೋಗುವಾಗಲೂ ಸೂರ್ಯ ಎದುರಿಗೆ, ಸಂಜೆ ಹೋಗುವಾಗಲೂ ಎದುರಿಗೆ. "ಅವನಿಗೂ ನನಗೂ ಹಳೇ ಜಗಳ ಕಣೋ, ಒಂದು ದಿನಾನೂ ಬೆನ್ನು ತೋರಿಸಿಲ್ಲ ಅವನು" ಎಂದು ಅಪ್ಪ ನಗುತ್ತಿದ್ದ. ನಾನು ಹುಟ್ಟುವ ಮೊದಲಿನಿಂದ ಹೀಗೆ ಬಿಸಿಲಿಗೂ ಧೂಳಿಗೂ ಕಣ್ಣು ಕೊಟ್ಟುಕೊಂಡು ತುಳಿದು ತುಳಿದು, ಮೂಗಿನ ಕಡೆಯ ಮೂಲೆಯಿಂದ ಕಣ್ಣಿನ ಬಿಳಿಯ ಮೇಲೆ ಮಾಂಸದ ಪೊರೆಯೊಂದು ಬೆಳೆಯಿತು. ಬಲಗಣ್ಣಿನದನ್ನು ಒಮ್ಮೆ ಕೆರೆದು ತೆಗೆದರು. ಅದು ಹಟ ಹಿಡಿದಂತೆ ಮತ್ತೆ ಬೆಳೆದು ಕರಿಗುಡ್ಡೆಯನ್ನೇ ಮುಚ್ಚಿತು. ಈಗ ಆ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಈ ವರ್ಷ ಎಡಗಣ್ಣಿನ ಮೂಲೆಯಲ್ಲೂ ಕೆಂಪಗೆ ಒಂದು ಎಳೆ ಕಾಣಿಸಿತು.

ಡಾಕ್ಟರಮ್ಮ ಅಪ್ಪನನ್ನು ಹೊರಗೆ ಕೂರಿಸಿ ನನ್ನೊಬ್ಬನ ಹತ್ತಿರ ಮಾತಾಡಿದರು.

"ಇದೂ ಹೋದ್ರೆ ಕೈ ಹಿಡ್ಕೊಂಡು ನಡೆಸಬೇಕಾಗುತ್ತೆ. ಸೈಕಲ್ ಬಿಡಿಸಿ."

"ಬಿಡಿಸಿದ್ರೆ ಮನೆ ನಡೆಯಲ್ಲ ಡಾಕ್ಟ್ರೇ."

"ಹಾಗಾದ್ರೆ ಒಳ್ಳೇ ಕನ್ನಡಕ ಕೊಡಿಸಿ. ಪಕ್ಕದಿಂದಲೂ ಮುಚ್ಚಿರಬೇಕು, ಗಾಳಿ ಧೂಳು ನುಗ್ಗಬಾರದು. ಫುಟ್‌ಪಾತಿಂದು ಬೇಡ. ಬರೀ ಕಪ್ಪಗಿದ್ರೆ ಸಾಲದು. ಕಪ್ಪು ಕಂಡ ತಕ್ಷಣ ಕಣ್ಣು ಕತ್ತಲೆ ಅಂದ್ಕೊಂಡು ಇನ್ನೂ ಅಗಲ ತೆರ್ಕೊಳ್ಳುತ್ತೆ, ಕೆಟ್ಟ ಬಿಸಿಲು ಇನ್ನೂ ಜಾಸ್ತಿ ಒಳಗೆ ಹೋಗುತ್ತೆ."

ಅಪ್ಪನ ಕನ್ನಡಕ ಫುಟ್‌ಪಾತಿನದೇ. ಛತ್ರಿ, ಬಾಚಣಿಗೆ, ಬೀಗಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿಟ್ಟು ಮಾರುತ್ತಾರಲ್ಲ, ಅಂಥದ್ದು. ಹಸಿರು ಗಾಜು, ಒಂದು ಕಡ್ಡಿ ಮುರಿದು ತಂತಿ ಸುತ್ತಿದ್ದು. ಅದು ಮೂಗಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅಪ್ಪನೂ ಅದನ್ನು ನಿಲ್ಲಗೊಡುತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ಒಂದು ಬೆರಳಲ್ಲಿ ಮೂಗಿನ ತುದಿಗೆ ಎಳೆದುಕೊಂಡು, ಅಂಚಿನ ಮೇಲಿಂದ ರಸ್ತೆ ನೋಡುವುದು ಅವನ ಚಾಳಿ. ಸಾಲ ಕೇಳಲು ಬಂದವರನ್ನು ಸಾಹುಕಾರರು ನೋಡುವಂತೆ.

"ಹಂಗೆ ಇಳಿಸ್ತೀಯಲ್ಲ, ಬಿಸಿಲು ನೇರ ಒಳಗೆ ಹೋಗಲ್ವಾ?" ಎಂದು ನಾನು ರೇಗುತ್ತಿದ್ದೆ.

"ಒಂದು ಗಳಿಗೆ ಕಣೋ. ಅಷ್ಟರಲ್ಲಿ ಏನಾಗುತ್ತೆ."

ಆ ಒಂದೊಂದು ಗಳಿಗೆ ಸೇರಿಯೇ ಬಲಗಣ್ಣು ಹೋಗಿದ್ದು ಎಂದು ನನಗೆ ಅನ್ನಿಸುತ್ತಿತ್ತು. ನನಗೆ ಆ ದಿನಗಳಲ್ಲಿ ಎಲ್ಲರ ಮೇಲೂ ಸಿಟ್ಟು. ಇಷ್ಟು ವರ್ಷ ಬ್ರೆಡ್ ಹೊರಿಸಿಕೊಂಡು ಒಂದು ಕನ್ನಡಕ ಕೊಡಿಸದ ಯಜಮಾನರ ಮೇಲೆ, ಕೊಡಿಸಿ ಎಂದು ಕೇಳದ ಅಪ್ಪನ ಮೇಲೆ, ಸೂರ್ಯನ ಮೇಲೆ ಕೂಡ.

ಕನ್ನಡಕದ ಅಂಗಡಿಗೆ ಅಪ್ಪನನ್ನು ಎಳೆದುಕೊಂಡೇ ಹೋದೆ. ಒಳಗೆ ತಣ್ಣಗಿತ್ತು. ಗೋಡೆಯ ತುಂಬ ಕನ್ನಡಿ. ಅಷ್ಟೂ ಕನ್ನಡಿಗಳಲ್ಲಿ ನಮ್ಮಿಬ್ಬರ ಚಪ್ಪಲಿಗಳು ಕಾಣುತ್ತಿದ್ದವು. ಟೈ ಕಟ್ಟಿದ್ದ ಹುಡುಗ ಬಂದು, ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯ ಅಗ್ಗದ ಸಾಲನ್ನು ತೋರಿಸಿದ.

"ಅದಲ್ಲ. ಸೈಕಲ್ಲಿಗೆ. ಇರೋದ್ರಲ್ಲಿ ಒಳ್ಳೇದು ತೋರ್ಸಿ" ಎಂದೆ.

ಅವನು ಬೀಗ ತೆಗೆದು ಒಂದನ್ನು ಹೊರತೆಗೆದ. ಕಿವಿಯವರೆಗೆ ಬಳಸಿ ಬರುವ ಗಾಜು, ಎತ್ತಿದರೆ ಗರಿಯಷ್ಟು ಹಗುರ. ಅದರ ಬೆಲೆಗೆ ಅಪ್ಪನ ಸೈಕಲ್ಲಿನಂಥ ಇನ್ನೊಂದು ಹಳೇ ಸೈಕಲ್ಲೇ ಬರುತ್ತಿತ್ತು. ಹುಡುಗ ಒಂದು ಮಿನುಗುವ ಬೂದು ಕಾರ್ಡನ್ನು ಮೇಜಿನ ಮೇಲಿಟ್ಟ. "ಇದ್ರಲ್ಲಿ ಏನ್ ಕಾಣುತ್ತೆ?" ಬರಿಗಣ್ಣಿಗೆ ಏನೂ ಇರಲಿಲ್ಲ, ಬರೀ ಥಳಥಳ. "ಈಗ ಹಾಕ್ಕೊಂಡು ನೋಡಿ." ಹಾಕಿಕೊಂಡೆ. ಥಳಥಳ ಹೋಗಿ, ಅದರ ಅಡಿಯಿಂದ ರೆಕ್ಕೆ ಬಿಚ್ಚಿದ ಒಂದು ಹಕ್ಕಿ ಎದ್ದು ಕೂತಿತು.

"ನೋಡಿದ್ರಾ? ಕಣ್ಣಿಗೆ ಹೊಡೆಯೋ ಹೊಳಪನ್ನೆಲ್ಲ ನುಂಗಿಬಿಡುತ್ತೆ. ನೀರು, ರಸ್ತೆ, ಕಾರಿನ ಗಾಜು, ಯಾವುದೂ ಥಳ ಅನ್ನಲ್ಲ."

ನಾನು ಸೋತೇ ಹೋದೆ. ಕಾಣದ ಹಕ್ಕಿಯನ್ನು ಕಾಣಿಸುವ ಕನ್ನಡಕ ಅಪ್ಪನಿಗಲ್ಲದೆ ಇನ್ನಾರಿಗೆ?

ಅಪ್ಪ ಬೆಲೆಯ ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿ ಮೆಲ್ಲಗೆ ಅಂದ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಡಿಯೋ."

"ಜುಟ್ಟಿಗಲ್ಲ, ಕಣ್ಣಿಗೆ. ಇರೋದು ಒಂದು. ಸುಮ್ನೆ ಹಾಕ್ಕೋ."

ಹಾಕಿಕೊಂಡು ಬಾಗಿಲಾಚೆ ಇಣುಕಿದ. ಮಧ್ಯಾಹ್ನದ ರಸ್ತೆ. ಬಹಳ ಹೊತ್ತು ನೋಡಿದ.

"ಎಲ್ಲಾ ಒಂದೇ ಥರ ಕಾಣುತ್ತಲ್ಲೋ ರಸ್ತೆ."

"ಅದೇ ಅಲ್ವಾ ಬೇಕಾಗಿರೋದು" ಎಂದು ನಾನು ಹಣ ಕೊಟ್ಟೆ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಲಾರಿ ತುಂಬುವ ಕೆಲಸ ನನ್ನದು. ಶಾಲೆ ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿದ್ದೇ ಕಡಿಮೆ. ಶಾಲೆಯನ್ನೂ ಬೇಗನೇ ಬಿಟ್ಟೆ. ರಸ್ತೆ ಒಂದೇ ಥರ ಕಂಡರೆ ಅದರಲ್ಲೇನು ತಪ್ಪು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನವೇ ಅಪ್ಪ ಅದನ್ನೂ ಮೂಗಿನ ತುದಿಗೆ ಇಳಿಸಿಕೊಂಡು ಬರುವುದನ್ನು ಬೀದಿಯ ಕೊನೆಯಲ್ಲಿ ಕಂಡೆ. ಮೈಯೆಲ್ಲ ಉರಿದುಹೋಯಿತು. ಅಮ್ಮ ಹೊಲಿಗೆ ಅಂಗಡಿಯವರಿಗೆ ಮನೆಯಲ್ಲೇ ಲಂಗ, ಪೈಜಾಮ ಹೊಲಿದುಕೊಡುತ್ತಾಳೆ. ಅವಳ ಡಬ್ಬಿಯಿಂದ ಸೊಂಟಕ್ಕೆ ಹಾಕುವ ಎಲಾಸ್ಟಿಕ್ ಒಂದು ತುಂಡು ಕೇಳಿ, ಕನ್ನಡಕದ ಎರಡು ಕಡ್ಡಿಗಳಿಗೂ ಸೇರಿಸಿ, ತಲೆಯ ಹಿಂದೆ ಬರುವಂತೆ ಬಿಗಿಯಾಗಿ ಹೊಲಿಸಿದೆ.

"ಕುದುರೆಗೆ ಕಟ್ದಂಗೆ ಕಟ್ತೀಯಲ್ಲೋ" ಎಂದಳು ಅಮ್ಮ.

"ಕುದುರೆ ಮಾತು ಕೇಳುತ್ತೆ. ಇವ್ನು ಕೇಳಲ್ಲ."

ಅಪ್ಪ ನಕ್ಕ. ತಲೆ ಬಗ್ಗಿಸಿ ಕೂತು ಕಟ್ಟಿಸಿಕೊಂಡ. ಈಗ ಬೆರಳು ಹಾಕಿ ಎಳೆದರೂ ಅದು ಮೂಗಿಗೆ ಇಳಿಯುತ್ತಿರಲಿಲ್ಲ.

ಅದಾಗಿ ವಾರ ಕಳೆದಿರಲಿಲ್ಲ, ಲಾರಿ ತುಂಬುತ್ತಿದ್ದಾಗ ಅಮ್ಮನ ಫೋನ್ ಬಂತು. ಅಪ್ಪ ಬಸ್ ಡಿಪೋ ತಿರುವಿನಲ್ಲಿ ಬಿದ್ದಿದ್ದ. ಹಿಂದೆ ಬರುತ್ತಿದ್ದ ಬಸ್ಸಿನವನು ಬ್ರೇಕ್ ಹಾಕಿದ್ದರಿಂದ ತಲೆ ಉಳಿಯಿತು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ, ಬಲಗೈ ಮಣಿಕಟ್ಟು ಮುರಿದುಕೊಂಡು, ಅಂಗಿಯ ತುಂಬ ಬ್ರೆಡ್ಡಿನ ಪುಡಿ ಮತ್ತು ಕೆಸರು ಹಚ್ಚಿಕೊಂಡು ಕೂತಿದ್ದ. ಕನ್ನಡಕ ಇನ್ನೂ ತಲೆಯ ಮೇಲೆಯೇ ಇತ್ತು. ಮನುಷ್ಯ ಮುರಿದಿದ್ದ, ಅದಕ್ಕೆ ಒಂದು ಗೀರೂ ಇರಲಿಲ್ಲ.

"ಹೇಗೆ ಬಿದ್ದೆ?"

"ನಿದ್ದೆ ಬಂತು ಕಣೋ."

"ತುಳೀತಾ ತುಳೀತಾ ನಿದ್ದೆನಾ?"

"ವಯಸ್ಸಾಯ್ತಲ್ಲಪ್ಪ. ಕಣ್ಣು ಎಳೀತು." ಹೇಳಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ.

ಯಜಮಾನರೂ ಅದನ್ನೇ ನಂಬಿದರು. ಒಲೆಯ ಕಾವಿಗೆ ಬೆವರುತ್ತ, ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂತು ಬೈದರು. "ಬೇಗ ಮಲಗೋಕೆ ಏನ್ ರೋಗ ನಿಮ್ಮಪ್ಪಂಗೆ? ಟೀವಿ ನೋಡ್ತಾನಾ? ಒಂದು ಲೋಡ್ ಮಾಲು ರಸ್ತೇಲಿ ಹರಡಿದ. ಹೋಗ್ಲಿ. ಕೈ ಕೂಡೋವರ್ಗೂ ನೀನು ಸುತ್ತು ಮಾಡು, ಕೂಡಿದ್ಮೇಲೆ ಅವನೇ ಬರ್ಲಿ." ನನಗೆ ಅಷ್ಟೇ ಬೇಕಿತ್ತು. ಸುತ್ತು ಅಪ್ಪನ ಹೆಸರಲ್ಲೇ ಉಳಿಯಬೇಕು. ಅದು ಹೋದರೆ ಆ ವಯಸ್ಸಿನ ಒಂಟಿಗಣ್ಣಿನ ಮನುಷ್ಯನಿಗೆ ಕೆಲಸ ಕೊಡುವವರು ಯಾರು? ಕಾರ್ಖಾನೆಯ ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ರಜೆ ಪಡೆದೆ.

ಹೊರಡುವಾಗ ಅಪ್ಪ ಹಳೆಯ ಹಸಿರು ಕನ್ನಡಕವನ್ನೇ ಕೊಟ್ಟ. "ಅದು ಬೇಡ, ಇದು ಹಾಕ್ಕೊಂಡು ಹೋಗು." ಹೊಸದನ್ನು ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಇಟ್ಟಿದ್ದ. ಒಳ್ಳೆಯದನ್ನೆಲ್ಲ ಎತ್ತಿಡುವುದು ಈ ಮನೆಯ ಚಾಳಿ ಎಂದು ನಾನು ಸುಮ್ಮನಾದೆ.

ಬ್ರೆಡ್ ಸುತ್ತು ಎಂದರೆ ಏನೆಂದು ನನಗೆ ತಿಳಿದದ್ದು ಆಗ. ಹಿಂದಿನ ಭಾರ ಮುಂದಿನ ಚಕ್ರವನ್ನು ಎತ್ತಿಬಿಡುತ್ತದೆ, ಏರಿನಲ್ಲಿ ತೊಡೆ ಬೆಂಕಿಯಾಗುತ್ತದೆ, ಹಸಿರು ಗಾಜಿನ ಪಕ್ಕದಿಂದ ಧೂಳು ನುಗ್ಗಿ ಕಣ್ಣಲ್ಲಿ ಮರಳು ಅರೆದ ಹಾಗೆ. ಮೊದಲೆರಡು ದಿನಕ್ಕೇ ನನ್ನ ಎರಡು ಕಣ್ಣೂ ಟೊಮೆಟೊ ಆದವು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದಿದ್ದುದು ಒಲೆಯ ಕೆಲಸದವರ ಬಾಯಿ.

"ನಿದ್ದೆಯಪ್ಪನ ಮಗ ಬಂದ, ದಾರಿ ಬಿಡ್ರೋ."

"ದಿಂಬು ತಂದಿದ್ದೀಯಾ ಮರಿ? ಡಿಪೋ ಹತ್ರ ಹಾಸಿಗೆ ಹಾಕಿದೆ ನಿಮ್ಮಪ್ಪಂದು."

"ಮೆಲ್ಲಗೆ ಮಾತಾಡ್ರೋ, ಬನ್ನು ಎಚ್ಚರ ಆಗುತ್ತೆ."

ಜಿರಲೆಗಳ ಹಾಗೆ ಒಲೆಯ ಹಿಂದಿನಿಂದ ಬರುತ್ತಿದ್ದವು ಮಾತುಗಳು. ನಾನು ಹಲ್ಲು ಕಚ್ಚಿಕೊಂಡು ಪೆಟ್ಟಿಗೆ ಕಟ್ಟುತ್ತಿದ್ದೆ. ಒಂದು ದಿನವೂ ತಡ ಮಾಡದ ಮನುಷ್ಯನಿಗೆ ನಿದ್ದೆಯಪ್ಪ ಎಂಬ ಹೆಸರು. ಮನೆಗೆ ಬಂದು ಹೇಳಿದರೆ ಅಪ್ಪ, "ಅನ್ಲಿ ಬಿಡು, ಅಂದ್ರೆ ಮೈಗೆ ಅಂಟುತ್ತಾ" ಎಂದ.

ಮರುದಿನ ಟ್ರಂಕು ತೆಗೆದು ಹೊಸ ಕನ್ನಡಕವನ್ನು ಕಟ್ಟಿಕೊಂಡೇ ಹೊರಟೆ. ಅಪ್ಪ ಒಳಗೆ ಮುಖ ತೊಳೆಯುತ್ತಿದ್ದ, ನೋಡಲಿಲ್ಲ. ಆಹಾ ಎನ್ನಿಸಿತು. ಧೂಳಿಲ್ಲ, ಗಾಳಿಯಿಲ್ಲ, ಎದುರಿನ ಸೂರ್ಯ ಸಾಕಿದ ಬೆಕ್ಕಿನ ಹಾಗೆ ಸುಮ್ಮನಿದ್ದ. ಕೊಟ್ಟ ಹಣ ಸಾರ್ಥಕ ಎಂದುಕೊಳ್ಳುತ್ತಲೇ ಡಿಪೋ ತಿರುವಿಗೆ ಬಂದೆ. ಹಿಂದಿನ ದಿನಗಳಲ್ಲಿ ಅಲ್ಲಿ ಒದ್ದೆ ಹೊಳೆಯುವುದನ್ನು ಕಂಡು ಸುತ್ತಿಕೊಂಡು ಹೋಗಿದ್ದೆ. ಅವತ್ತು ರಸ್ತೆ ಒಣಗಿತ್ತು. ಕಪ್ಪಗೆ, ನುಣ್ಣಗೆ, ಉದ್ದಕ್ಕೂ ಒಂದೇ ಸಮ. ಹ್ಯಾಂಡಲ್ ತಿರುಗಿಸಿದೆ.

ಚಕ್ರ ಕೆಳಗಿನಿಂದ ಹೊರಟೇಹೋಯಿತು. ಯಾರೋ ಅಡಿಯಿಂದ ಚಾಪೆ ಎಳೆದ ಹಾಗೆ. ಕಾಲೂರಿದೆ, ಕಾಲೂ ಜಾರಿತು, ಮೊಣಕಾಲು ನೆಲಕ್ಕೆ ಬಡಿದು ನಿಂತಿತು. ಪೆಟ್ಟಿಗೆ ವಾಲಿದರೂ ಹಗ್ಗ ಹಿಡಿದಿತ್ತು.

ಎದುರಿನ ಮೀನಿನಂಗಡಿಯಾಕೆ ನೆಲ ತೊಳೆಯುತ್ತಿದ್ದವಳು ಪೊರಕೆ ಬಿಟ್ಟು ಓಡಿ ಬಂದಳು. ತೋಳು ಹಿಡಿದು ಎಬ್ಬಿಸಿದಳು.

"ಬ್ರೆಡ್ಡಣ್ಣನ ಮಗನಾ ನೀನು? ಅಪ್ಪಾ ಮಗ ಇಬ್ರಿಗೂ ಇದೇ ಜಾಗ ಬೇಕಾ ಬೀಳೋಕೆ?"

"ಅವತ್ತು ಅಪ್ಪಂಗೆ ನಿದ್ದೆ ಬಂದಿತ್ತು" ಎಂದೆ, ಮೊಣಕಾಲು ಒರೆಸಿಕೊಳ್ಳುತ್ತ.

"ಯಾರಂದಿದ್ದು? ನನ್ ಹತ್ರ ಮಾತಾಡ್ತಾನೇ ಬಂದ್ರಪ್ಪ. 'ಏನಮ್ಮಾ, ನಿನ್ ಮೀನು ಇನ್ನೂ ಎದ್ದಿಲ್ವಾ' ಅಂದ್ರು, ಗಂಟೆ ಹೊಡೆದ್ರು, ನೇರ ಬಂದು ಇದರ ಮೇಲೇ ಹತ್ತಿಸಿದ್ರು. ಯಾವಾಗ್ಲೂ ಸುತ್ತು ಹಾಕ್ಕೊಂಡು ಹೋಗೋರು. ಅವತ್ತು ನೋಡ್ಲೇ ಇಲ್ಲ."

"ಯಾವುದರ ಮೇಲೆ?"

"ಕಣ್ಣು ಕಾಣಲ್ವಾ? ಡಿಪೋ ಬಸ್ಸಿನ ಎಣ್ಣೆ, ಮೇಲೆ ನನ್ನಂಗಡಿ ನೀರು. ದಿನಾ ಇರುತ್ತೆ."

ನಾನು ನೋಡಿದೆ. ಏನೂ ಇರಲಿಲ್ಲ. ಕಪ್ಪು ರಸ್ತೆ. ಎಲಾಸ್ಟಿಕ್ಕಿಗೆ ಬೆರಳು ಹಾಕಿ ಕನ್ನಡಕವನ್ನು ಹಣೆಯ ಮೇಲಕ್ಕೆ ಎಳೆದೆ. ಬೆಳಗಿನ ಬಿಸಿಲಿಗೆ ತಿರುವಿನ ಅಗಲಕ್ಕೂ ಎಣ್ಣೆ ನೀರು ತಟ್ಟೆಯಂತೆ ಥಳಥಳಿಸಿತು. ಮತ್ತೆ ಇಳಿಸಿದೆ. ಮಾಯ. ಎತ್ತಿದೆ, ಥಳಥಳ. ಇಳಿಸಿದೆ, ಬರೀ ರಸ್ತೆ. ಹುಚ್ಚನ ಹಾಗೆ ಎತ್ತಿ ಇಳಿಸಿ ಎತ್ತಿ ಇಳಿಸಿ ನಿಂತಿದ್ದೆ. ಹುಡುಗ ಕಾರ್ಡಿನ ಥಳಥಳ ನುಂಗಿಸಿ ಹಕ್ಕಿ ತೋರಿಸಿದ್ದ. ಅಪ್ಪ ಇಷ್ಟು ವರ್ಷ ರಸ್ತೆಯನ್ನು ಓದಿದ್ದೇ ಆ ಥಳಥಳದಿಂದ. ಹಸಿರು ಕನ್ನಡಕವನ್ನು ತಿರುವಿನಲ್ಲಿ ಮೂಗಿಗೆ ಇಳಿಸುತ್ತಿದ್ದುದು ಇದಕ್ಕೇ. ನಾನು ಹೊಳಪನ್ನು ನುಂಗುವ ಗಾಜು ತಂದು, ಅದು ಇಳಿಯದ ಹಾಗೆ ಎಲಾಸ್ಟಿಕ್ ಹಾಕಿ ಕಟ್ಟಿ ಕಳಿಸಿದ್ದೆ.

ಅದನ್ನು ಅಪ್ಪ ಬಿದ್ದ ಕ್ಷಣವೇ ತಿಳಿದಿರಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿದ್ದು ಅದಕ್ಕೆ. ನನ್ನ ಮುಖ ನೋಡಿಕೊಂಡು ನಿದ್ದೆ ಎಂದು ಹೇಳಲಾಗದೆ.

ಸುತ್ತು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಖಾಲಿ ಪೆಟ್ಟಿಗೆಗಳನ್ನು ಬೇಕರಿಯ ಅಂಗಳದಲ್ಲಿ ಇಳಿಸುವಾಗ ಒಲೆಯವನೊಬ್ಬ, "ಏನೋ, ಮೊಣಕಾಲು ಕಿತ್ತಿದೆ? ನಿದ್ದೆ ಮನೆತನದ್ದೇನೋ" ಎಂದ. ಇನ್ನಿಬ್ಬರು ನಕ್ಕರು. ಅಷ್ಟು ಸಾಕಾಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಸಾಡಿ ಯಜಮಾನರ ಗಲ್ಲಾದ ಮುಂದೆ ಹೋಗಿ ನಿಂತೆ.

"ನಮ್ಮಪ್ಪಂಗೆ ನಿದ್ದೆ ಬಂದಿರ್ಲಿಲ್ಲ. ಇವ್ರ ಬಾಯಿ ಮುಚ್ಚಿಸಿ ಮೊದಲು."

"ಅವನೇ ಹೇಳಿದ್ದಲ್ವೇನೋ."

"ಸುಳ್ಳು ಹೇಳ್ದ. ತಪ್ಪು ನಂದು. ಈ ಕನ್ನಡಕ ತಂದೋನು ನಾನು. ಇದ್ರಲ್ಲಿ ಎಣ್ಣೆ ಕಾಣಲ್ಲ, ನೀರು ಕಾಣಲ್ಲ, ನೀವೇ ಹಾಕ್ಕೊಂಡು ನೋಡಿ. ಇದ್ದ ಒಂದು ಕಣ್ಣಿಗೂ ನಾನೇ ಪಟ್ಟಿ ಕಟ್ಟಿ ಕಳಿಸಿದೆ. ಅವನು ಬೀಳದೆ ಇನ್ನೇನ್ ಮಾಡ್ತಾನೆ?"

ಒಲೆಯವರ ನಗು ನಿಂತಿತು. ಗೆದ್ದೆ ಎಂದುಕೊಂಡೆ. ಯಜಮಾನರು ಕನ್ನಡಕವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಇದ್ದ ಒಂದು ಕಣ್ಣಾ?"

ಬಾಯಿಂದ ಹೋದದ್ದನ್ನು ಮತ್ತೆ ನುಂಗಲು ಆಗುತ್ತದೆಯೇ? ಏನೇನೋ ತೊದಲಿದೆ. ಪೊರೆ ಅಂದೆ, ಸ್ವಲ್ಪ ಮಂಜು ಅಷ್ಟೇ ಅಂದೆ, ಇನ್ನೊಂದು ಚೆನ್ನಾಗಿದೆ ಅಂದೆ. ಹೇಳಿದಷ್ಟೂ ಕೆಸರಿನಲ್ಲಿ ಇಳಿಯುತ್ತಿದ್ದೆ. ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

"ಎಷ್ಟು ದಿನದಿಂದ ಹೀಗೆ?"

"ಬಲಗಣ್ಣು ಹೋಗಿ ವರ್ಷ ಆಯ್ತು. ಆದ್ರೂ ಒಂದು ಬನ್ನು ಕಡಿಮೆ ಆಗಿದ್ಯಾ ಯಜಮಾನ್ರೇ? ಒಂದು ದಿನ ತಡ ಆಗಿದ್ಯಾ?"

"ಇಲ್ಲ." ಹಣೆ ಒರೆಸಿಕೊಂಡರು. "ಆದ್ರೂ ಒಂಟಿಗಣ್ಣಿನೋನನ್ನ ಬಸ್ಸುಗಳ ಮಧ್ಯೆ ಕಳಿಸಿ, ನಾಳೆ ಅವನು ಚಕ್ರದಡಿಗೆ ಸಿಕ್ಕಿದ್ರೆ ನಿಮ್ಮಮ್ಮನ ಮುಂದೆ ನಾನು ಹೆಂಗೆ ನಿಲ್ಲಲಿ? ಗೊತ್ತಿಲ್ದೆ ಇದ್ದಾಗ ಬೇರೆ. ಈಗ ಗೊತ್ತಾಯ್ತು. ಸುತ್ತು ನೀನೇ ಇಟ್ಕೋ, ಬೇರೆಯೋರಿಗೆ ಕೊಡಲ್ಲ. ಅವನು ಬೇಡ."

"ಅವನಿಗೆ ಇದು ಬಿಟ್ರೆ ಬೇರೆ ಏನೂ ಗೊತ್ತಿಲ್ಲ."

"ನನಗೂ ಬೇರೆ ಏನೂ ಗೊತ್ತಾಗ್ತಿಲ್ಲ ಕಣಯ್ಯ" ಎಂದು ಎದ್ದು ಒಳಗೆ ಹೋದರು.

ಮನೆಗೆ ಬಂದಾಗ ಅಪ್ಪ ಹೊಸ್ತಿಲ ಮೇಲೆ ಕೂತಿದ್ದ. ಪ್ಲಾಸ್ಟರಿನ ಕೈ ತೊಡೆಯ ಮೇಲಿತ್ತು. ಹರಿದ ಮೊಣಕಾಲನ್ನೂ ತಲೆಯ ಮೇಲಿನ ಕನ್ನಡಕವನ್ನೂ ಒಂದೇ ನೋಟಕ್ಕೆ ನೋಡಿದ. ಅಷ್ಟಕ್ಕೇ ಅರ್ಧ ತಿಳಿದುಹೋಯಿತು ಅವನಿಗೆ.

"ಡಿಪೋ ತಿರುವಾ?"

"ಹೂಂ."

"ಅದಕ್ಕೇ ಹಳೇದು ಹಾಕ್ಕೋ ಅಂದಿದ್ದು."

"ಹೇಳ್ಬಾರ್ದಿತ್ತಾ ಬಾಯಿ ಬಿಟ್ಟು?"

"ಏನಂತ ಹೇಳ್ಲಿ? ಬೆನ್ನ ಮೇಲೆ ಲಾರಿ ಮಾಲು ಹೊತ್ತ ದುಡ್ಡಲ್ಲಿ ತಂದಿದ್ದೀಯ." ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದ. "ಇನ್ನೇನು ಮಾಡ್ಕೊಂಡು ಬಂದೆ?"

ಹೇಳಿದೆ. ಒಳಗೆ ಅಮ್ಮನ ಹೊಲಿಗೆ ಯಂತ್ರದ ಸದ್ದು ನಿಂತಿತು.

 ಅಪ್ಪ ಬೈಯಲಿ ಎಂದು ಕಾದೆ. ಹೊಡೆದರೂ ಆಗಿತ್ತು.

"ನಿದ್ದೆ ಅಂದ್ರೆ ಬೈತಾರೆ, ಕಾಣಲಿಲ್ಲ ಅಂದ್ರೆ ಬಿಡಿಸ್ತಾರೆ" ಎಂದ ಕೊನೆಗೆ, ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ. "ಅಷ್ಟು ಗೊತ್ತಾಗಲ್ವೇನೋ ಮಗನೇ. ಬೈಸ್ಕೊಂಡು ಎಷ್ಟು ವರ್ಷ ಬೇಕಾದ್ರೂ ಇರಬಹುದಾಗಿತ್ತು."

"ಎಲ್ರೂ ನಿದ್ದೆಯಪ್ಪ ಅಂತಿದ್ರು ನಿನ್ನ."

"ಅಂದ್ರೆ ಅಂದ್ರು. ಸುತ್ತು ಇತ್ತಲ್ಲ."

ಅಮ್ಮ ಬಾಗಿಲಿಗೆ ಬಂದಳು. "ಇನ್ನು ಬಿಸಿಲಿಗೆ ಹೋಗೋದಿಲ್ಲ ಅಂದ್ಮೇಲೆ, ಕಣ್ಣಾದ್ರೂ ಉಳಿಯುತ್ತೆ ಬಿಡಿ" ಎಂದಳು. ಸಮಾಧಾನಕ್ಕೆ ಹೇಳಿದ್ದು. ಯಾರೂ ಅದನ್ನು ಕೈ ಚಾಚಿ ತೆಗೆದುಕೊಳ್ಳಲಿಲ್ಲ. ಉಳಿದ ಕಣ್ಣಿನಲ್ಲಿ ಅವನು ಏನನ್ನು ನೋಡಬೇಕು? ಎದುರು ಮನೆಯ ಗೋಡೆಯನ್ನೇ?

ಅಪ್ಪ ಎಡಗೈ ಚಾಚಿ ಕನ್ನಡಕ ಕೇಳಿದ. ಅಮ್ಮನಿಂದ ಕತ್ತರಿ ತರಿಸಿ ಅವಳ ಕೈಯಿಂದಲೇ ಎಲಾಸ್ಟಿಕ್ ಕತ್ತರಿಸಿ ತೆಗೆಸಿದ. ಕಡ್ಡಿಗಳನ್ನು ಹಲ್ಲಿನಲ್ಲಿ ಹಿಡಿದು ಸ್ವಲ್ಪ ಅಗಲಿಸಿ ನನ್ನ ಮೂಗಿನ ಮೇಲೆ ತಾನೇ ಇಟ್ಟ. ಅದು ಸಡಿಲವಾಗಿ ಜಾರಿತು.

"ಹಿಂಗಿರ್ಲಿ. ಡಿಪೋದಲ್ಲಿ ಇಳಿಸು, ಕಬ್ಬಿಣದ ಮುಚ್ಚಳ ಇರೋ ಮೋರಿ ಹತ್ರ ಇಳಿಸು, ಹಾಲಿನ ಬೂತ್ ಮುಂದೆ ಇಳಿಸು. ಮಿಕ್ಕ ಕಡೆ ಹಾಕ್ಕೋ. ನಿನ್ನ ಕಣ್ಣು ಇನ್ನೂ ಎಳೇದು."

"ನೀನು ಹಾಕ್ಕೋ ಅಪ್ಪ."

"ಮನೇಲಿ ಕೂತೋನಿಗೆ ಯಾಕೋ ಅಷ್ಟು ದುಬಾರಿದು" ಎಂದು ತಂತಿ ಸುತ್ತಿದ ಹಸಿರು ಕನ್ನಡಕವನ್ನು ಎತ್ತಿ ಹಾಕಿಕೊಂಡ. ಹೊಸ್ತಿಲ ಮೇಲೆ ನೆರಳಿತ್ತು.

ಮರುದಿನ ನಾನು ಏಳುವ ಮೊದಲೇ ಅವನು ಎದ್ದಿದ್ದ. ಒಂದೇ ಕೈಯಲ್ಲಿ ಸೈಕಲ್ಲಿನ ಎರಡು ಚಕ್ರಕ್ಕೂ ಗಾಳಿ ನೋಡಿದ್ದ, ಗಂಟೆ ಒರೆಸಿದ್ದ. ಬೀದಿಯ ಕೊನೆಯಲ್ಲಿ ತಿರುಗಿ ನೋಡಿದರೆ ಇನ್ನೂ ನಿಂತಿದ್ದ, ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು, ಸೈಕಲ್ ಹೋಗುವುದನ್ನು ಅಂಚಿನ ಮೇಲಿಂದ ನೋಡುತ್ತ.

ಡಿಪೋ ತಿರುವಿನಲ್ಲಿ ನಾನೂ ಇಳಿಸಿದೆ. ಎಣ್ಣೆಯೂ ಸೂರ್ಯನೂ ಒಟ್ಟಿಗೇ ಕಣ್ಣಿಗೆ ಹೊಡೆದವು. ಕಣ್ಣಲ್ಲಿ ನೀರು ಸುರಿಯಿತು. ಎಣ್ಣೆಯನ್ನು ಸುತ್ತಿಕೊಂಡು ಆಚೆ ದಾಟಿದೆ.

ಮೀನಿನಂಗಡಿಯಾಕೆ ಪೊರಕೆ ಎತ್ತಿ ಕೂಗಿದಳು. "ಏನಪ್ಪಾ, ಬ್ರೆಡ್ಡಣ್ಣ ಯಾವಾಗ ಬರ್ತಾರೆ?"

"ನಿದ್ದೆ ಮಾಡ್ತಿದಾರೆ" ಎಂದು ಹೇಳಿ ಗಂಟೆ ಹೊಡೆದೆ.